ಕೇಳುವವರನ್ನು ಕೇಳುವವರು ಯಾರು?

ಮನಸ್ಸಿನ ಕಾಯಿಲೆಯ ಬಗೆಗೆ ಮಾತನಾಡುವುದು ಈಗ ಮೊದಲಿನಷ್ಟು ಮುಜುಗರದ ಸಂಗತಿಯಾಗಿ ಉಳಿದಿಲ್ಲ. ಕನ್ನಡಿಗರ ಮಟ್ಟಿಗಂತೂ ಇದು ಹೊಸ ವಿಷಯವೇ ಅಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು, ಬರೆದ 'ಮನಮಂಥನ' ಎಂಬ ಮನೋವೈದ್ಯಕೀಯ ಗ್ರಂಥಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಊರೂರಿನ ಗ್ರಂಥಾಲಯಗಳನ್ನು ತಲುಪಿವೆ. ದೇಶದ ಅತ್ಯಂತ ಹೆಸರಾಂತ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿಯೇ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿದ್ದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಅದು ರೂಪುಗೊಂಡಿತು.

ಇಷ್ಟಿದ್ದರೂ ನಾವು ಚರ್ಚಿಸದೆ ಉಳಿದ ಒಂದು ಪ್ರಶ್ನೆಯಿದೆ. ನಮ್ಮ ಸಂಕಟವನ್ನು ಕೇಳಿಸಿಕೊಳ್ಳುವವರು ಆ ಕೆಲಸವನ್ನು ಹೇಗೆ ಕಲಿಯುತ್ತಾರೆ? ಕಲಿಯುವಾಗ ತಪ್ಪಿದರೆ ಅವರಿಗೆ ಹೇಳುವವರು ಯಾರು? ಹೇಗೆ ಹೇಳುತ್ತಾರೆ? ಶಸ್ತ್ರಚಿಕಿತ್ಸೆ ಕಲಿಯುವ ವೈದ್ಯನ ಪಕ್ಕದಲ್ಲಿ ಅನುಭವಿ ವೈದ್ಯನೊಬ್ಬ ನಿಂತಿರುತ್ತಾನೆ. ಕೈ ತಪ್ಪಿದ ಕೂಡಲೇ ಹಿಡಿಯುತ್ತಾನೆ. ಮಾತಿನ ಚಿಕಿತ್ಸೆ ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ. ಅಲ್ಲಿ ಇಬ್ಬರೇ ಇರುತ್ತಾರೆ. ಒಬ್ಬರು ನೊಂದವರು, ಇನ್ನೊಬ್ಬರು ಕಲಿಯುತ್ತಿರುವವರು. ಮೇಲ್ವಿಚಾರಕರಿಗೆ ತಿಳಿಯುವುದು ಆಮೇಲೆ, ಅದೂ ಬಹುಮಟ್ಟಿಗೆ ಕಲಿಯುತ್ತಿರುವವರು ಹೇಳಿದಷ್ಟೇ.

ಈ ತೊಡಕನ್ನು ಆ ವಿದ್ಯೆಯವರು ಬಹಳ ಹಿಂದೆಯೇ ಗುರುತಿಸಿದ್ದರು. 1920ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಅವರ ಸಂಗಡಿಗರು ಮನೋವಿಶ್ಲೇಷಣೆಯ ಚಿಕಿತ್ಸಾಲಯವನ್ನು ತೆರೆದರು. ಕಲಿಯುವವರು ಅನುಭವಿಗಳ ಮೇಲ್ವಿಚಾರಣೆಯಲ್ಲಿಯೇ ರೋಗಿಗಳನ್ನು ನೋಡಬೇಕೆಂಬ ಕ್ರಮ ಅಲ್ಲಿ ಬೇರೂರಿತು. ಅಮೆರಿಕದಲ್ಲಿ ಕಾರ್ಲ್ ರೋಜರ್ಸ್ ಚಿಕಿತ್ಸೆಯ ಮಾತುಕತೆಗಳನ್ನು ಧ್ವನಿಮುದ್ರಿಸಿ, ಒಂದು ಪೂರ್ಣ ಪ್ರಕರಣದ ಅಕ್ಷರರೂಪವನ್ನು 1942ರ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು. ನಾವು ಹೇಳಿದೆವೆಂದು ನೆನಪಿಟ್ಟುಕೊಂಡದ್ದಕ್ಕೂ ನಿಜವಾಗಿ ಹೇಳಿದ್ದಕ್ಕೂ ಎಷ್ಟು ಅಂತರವಿದೆ ಎಂಬುದು ಅಂಥ ಮುದ್ರಣಗಳನ್ನು ಕೇಳಿದವರಿಗೆ ತಿಳಿಯಿತು. ಇಂಗ್ಲೆಂಡಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಮೇಲ್ವಿಚಾರಣೆಯ ಮೂರು ಹೊಣೆಗಳನ್ನು ವಿಂಗಡಿಸಿದರು: ಕಲಿಸುವುದು, ಕೆಲಸದ ಮಟ್ಟವನ್ನು ಕಾಯುವುದು, ಕಲಿಯುವವರ ಚೈತನ್ಯವನ್ನು ಉಳಿಸುವುದು. ಈ ಮೂರೂ ಒಬ್ಬರ ಮೇಲೆಯೇ ಬೀಳುವುದರಿಂದ ಕಷ್ಟವೆಲ್ಲ ಹುಟ್ಟುತ್ತದೆ. ಯಾರ ಎದುರು ನನ್ನ ತಪ್ಪನ್ನು ಬಿಚ್ಚಿಡಬೇಕೋ ಅವರೇ ನನ್ನ ಪ್ರಮಾಣಪತ್ರಕ್ಕೆ ಸಹಿ ಹಾಕುವವರಾದರೆ, ನಾನು ಎಷ್ಟನ್ನು ಬಿಚ್ಚಿಟ್ಟೇನು?

ನಾನು ಮನೋವೈದ್ಯನಲ್ಲ, ಕೇಂದ್ರ ಸರ್ಕಾರದ ನೌಕರ. ವರ್ಷಕ್ಕೊಮ್ಮೆ ಕೈಕೆಳಗಿನವರ ಕಾರ್ಯನಿರ್ವಹಣೆಯ ವರದಿಯನ್ನು ಬರೆಯುವುದು, ನನ್ನ ಮೇಲಿನವರು ನನ್ನ ವರದಿಯನ್ನು ಬರೆಯುವುದನ್ನು ಕಾಯುವುದು, ಇವೆರಡೂ ನನಗೆ ಅಭ್ಯಾಸವಾಗಿವೆ. ಹೀಗಾಗಿ ಈ ವಿಷಯದಲ್ಲಿ ನನ್ನ ಅಧಿಕಾರವೇನಾದರೂ ಇದ್ದರೆ ಅದು ಮೌಲ್ಯಮಾಪನದ ಕಡೆಯಿಂದ ಬಂದದ್ದು. ನಮ್ಮ ಸರ್ಕಾರಿ ವ್ಯವಸ್ಥೆ ತಡವಾಗಿಯಾದರೂ ಕಲಿತ ಒಂದು ಪಾಠ ಮನೋಚಿಕಿತ್ಸೆಯ ತರಬೇತಿಗೂ ಸಲ್ಲುತ್ತದೆ ಎಂಬುದು ನನ್ನ ನಂಬಿಕೆ.

ಆ ಪಾಠ ಹೀಗಿದೆ. ಹಿಂದೆ ನಮ್ಮಲ್ಲಿದ್ದದ್ದು ಗೌಪ್ಯ ವರದಿ. ಪ್ರತಿಕೂಲವಾದದ್ದನ್ನು ಬರೆದರೆ ಮಾತ್ರ ನೌಕರನಿಗೆ ತಿಳಿಸುವ ವಾಡಿಕೆ. 'ಉತ್ತಮ' ಎಂದು ಬರೆದರೆ ತಿಳಿಸಬೇಕಾಗಿರಲಿಲ್ಲ. ಗಡಿ ರಸ್ತೆಗಳ ವಿಭಾಗದ ಎಂಜಿನಿಯರರೊಬ್ಬರಿಗೆ ಒಂದು ವರ್ಷ 'ಉತ್ತಮ' ಎಂಬ ದರ್ಜೆ ಬಂತು. ಬಡ್ತಿಗೆ ಐದೂ ವರ್ಷ 'ಅತ್ಯುತ್ತಮ' ಬೇಕಿತ್ತು. ತನ್ನ ಬಡ್ತಿಯನ್ನು ತಡೆದದ್ದು ಈ ಮೆಚ್ಚುಗೆಯಂತೆ ಕಾಣುವ ಪದವೆಂಬುದು ಅವರಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ದೇವದತ್ತ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ, ದರ್ಜೆ ಯಾವುದೇ ಇರಲಿ, ಅದನ್ನು ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂದು 2008ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮರುವರ್ಷ ಸಿಬ್ಬಂದಿ ಇಲಾಖೆ ಇಡೀ ವರದಿಯನ್ನು ನೌಕರನಿಗೆ ತೋರಿಸಬೇಕು, ಆಕ್ಷೇಪಣೆಗೆ 15 ದಿನಗಳ ಅವಕಾಶ ಕೊಡಬೇಕು ಎಂದು ಆದೇಶಿಸಿತು. ಹೇಳದೆ ಬಿಟ್ಟ ಅಭಿಪ್ರಾಯ ಎಷ್ಟೇ ಮೃದುವಾಗಿರಲಿ, ಅದು ಅನ್ಯಾಯ ಎಂಬುದು ಇದರ ತಿರುಳು.

ಮನೋಚಿಕಿತ್ಸೆಯ ತರಬೇತಿಯಲ್ಲಿ ಈ ಅನ್ಯಾಯ ಕಲಿಯುವವರಿಗೆ ಮಾತ್ರ ಆಗುವುದಿಲ್ಲ. ಬಾಗಿಲಾಚೆ ಕುಳಿತ ರೋಗಿಗೂ ಆಗುತ್ತದೆ. ನನ್ನ ಅಕ್ಕನ ಮಗಳ ಅನುಭವವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತೇನೆ. ಅವಳು ಕರ್ನಾಟಕದ ಹೊರಗಿನ ಒಂದು ನಗರದಲ್ಲಿ ಚಿಕಿತ್ಸಾ ಮನೋವಿಜ್ಞಾನದ ತರಬೇತಿಯಲ್ಲಿದ್ದಾಳೆ. ಊರನ್ನಾಗಲಿ ಆಸ್ಪತ್ರೆಯನ್ನಾಗಲಿ ಹೆಸರಿಸುವ ಅಗತ್ಯವಿಲ್ಲ. ಎರಡನೆಯ ವರ್ಷದ ನಡುವೆ ನಡೆದ ಪರಿಶೀಲನೆಯಲ್ಲಿ, ಅವಳ ಕೆಲಸ ನಿರೀಕ್ಷಿತ ಮಟ್ಟದಲ್ಲಿಲ್ಲ, ಅಪಾಯವನ್ನು ಅಂದಾಜಿಸುವುದರಲ್ಲಿ ದುರ್ಬಲಳು ಎಂದು ತಿಳಿಸಲಾಯಿತು. ಯಾವ ಪ್ರಕರಣ, ಯಾವ ದಿನ ಎಂಬ ವಿವರವಿರಲಿಲ್ಲ. ಎರಡು ಬಾರಿ ಬರೆದು ಕೇಳಿದ ಮೇಲೆ ಒಂದು ಟಿಪ್ಪಣಿಯನ್ನು ತೋರಿಸಿದರು. ಅವಳೇ ಬರೆದ ಆ ಹಾಳೆಯ ಅಂಚಿನಲ್ಲಿ ಮೇಲ್ವಿಚಾರಕರು ಪೆನ್ಸಿಲಿನಿಂದ ಹಾಕಿದ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು. ಅದನ್ನು ಹಾಕಿ ಐದು ತಿಂಗಳಾಗಿತ್ತು.

ಅಂದು ರಾತ್ರಿ ಅವಳು ನನಗೆ ಫೋನು ಮಾಡಿ ಕೇಳಿದ್ದು ಇಷ್ಟೇ: "ಮಾಮಾ, 'ಜೀವಾ ಬ್ಯಾಸರಾಗ್ಯದ' ಅನ್ನೋದನ್ನ ಇಂಗ್ಲಿಷಿನ್ಯಾಗ ಹ್ಯಾಂಗ ಬರೀಬೇಕು?" ರೋಗಿಯ ಗುರುತನ್ನಾಗಲಿ ಕಥೆಯನ್ನಾಗಲಿ ಅವಳು ಹೇಳಲಿಲ್ಲ, ಹೇಳಲೂಬಾರದು. 2017ರ ಮಾನಸಿಕ ಆರೋಗ್ಯ ಸೇವಾ ಕಾಯಿದೆ ರೋಗಿಗೆ ಗೌಪ್ಯತೆಯ ಹಕ್ಕನ್ನು ಕೊಟ್ಟಿದೆ. ಈ ಮಾತಾದರೋ ನಮ್ಮ ಕಡೆ ಮನೆಮನೆಯಲ್ಲಿ ಕೇಳಿಬರುವಂಥದು, ಅದರಿಂದ ಯಾರ ಗುರುತೂ ಸಿಗದು. ಸಂತೆಯಿಂದ ಬಿಸಿಲಲ್ಲಿ ನಡೆದು ಬಂದವಳೂ ಅದನ್ನೇ ಹೇಳುತ್ತಾಳೆ. ಬದುಕು ಬೇಡವೆನಿಸಿದವಳೂ ಅದನ್ನೇ ಹೇಳಬಹುದು. "ಯಾರು, ಯಾವಾಗ, ಯಾವ ದನಿಯಾಗ ಅಂದ್ರು ಅನ್ನೋದರ ಮ್ಯಾಲ ಅದ" ಎಂದೆ. ಅವಳು ಆ ಟಿಪ್ಪಣಿಯಲ್ಲಿ ಬರೆದದ್ದು ಇಂಗ್ಲಿಷಿನ 'ದಣಿವು' ಎಂಬರ್ಥದ ಒಂದು ಪದ ಮಾತ್ರ. ಜೀವ ಎಂಬ ಪದ ಅನುವಾದದಲ್ಲಿ ಬಿದ್ದುಹೋಗಿತ್ತು.

ಇಲ್ಲಿ ಯಾರು ಸರಿ? ಮೇಲ್ವಿಚಾರಕರ ಆಕ್ಷೇಪಣೆ ಸರಿಯಾಗಿಯೇ ಇತ್ತು. ಆ ಮಾತು ಕಿವಿಗೆ ಬಿದ್ದಾಗ, ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಬೇಕಾಗಿತ್ತು, ಕೇಳಿದ್ದನ್ನು ಬರೆಯಬೇಕಾಗಿತ್ತು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ತಪ್ಪು. ನೇರವಾಗಿ, ಕಾಳಜಿಯಿಂದ ಕೇಳುವುದೇ ಸರಿಯೆಂದು ಈ ವಿದ್ಯೆಯಲ್ಲಿ ಕಲಿಸುತ್ತಾರೆ. ನನ್ನ ಸೊಸೆ ಕೇಳಿರಲಿಲ್ಲ. ಆಕ್ಷೇಪಣೆಯನ್ನು ಅವಳೂ ಒಪ್ಪಿಕೊಂಡಳು. ಆದರೆ ಮೇಲ್ವಿಚಾರಕರಿಗೆ ಅನುಮಾನ ಬಂದದ್ದು ಪೆನ್ಸಿಲು ಹಿಡಿದ ದಿನವೇ. ಆ ದಿನವೇ ಕರೆದು "ಇಲ್ಲಿ ಮುಂದೇನು ಕೇಳಿದಿರಿ?" ಎಂದಿದ್ದರೆ, ಮುಂದಿನ ಭೇಟಿಯಲ್ಲಿಯೇ ಆ ಪ್ರಶ್ನೆ ರೋಗಿಯನ್ನು ತಲುಪುತ್ತಿತ್ತು. ಅದು ಪರಿಶೀಲನೆಯ ದಿನಕ್ಕಾಗಿ ಕಾದ ಒಂದು ಅಂಕವಾಯಿತು. ಐದು ತಿಂಗಳ ಕಾಲ, ಕೇಳಲೇಬೇಕಾದ ಪ್ರಶ್ನೆಯೊಂದು ಹಾಳೆಯ ಅಂಚಿನಲ್ಲಿಯೇ ಉಳಿಯಿತು. ಆಮೇಲೆ ಅವಳು ಕೇಳಿದಳೆಂದು ಬಲ್ಲೆ. ಉತ್ತರವೇನೆಂದು ನಾನು ವಿಚಾರಿಸಿಲ್ಲ.

ಈ ಮೇಲ್ವಿಚಾರಕರು ಕೆಟ್ಟವರಲ್ಲ. ಹುಡುಗಿ ನೊಂದುಕೊಂಡಾಳು ಎಂದು ಸುಮ್ಮನಿದ್ದರಂತೆ. ನಾನು ಕಚೇರಿಗಳಲ್ಲಿ ಕಂಡಿರುವ ಬಹುಪಾಲು ಅನ್ಯಾಯಗಳು ಹೀಗೆ ದಾಕ್ಷಿಣ್ಯದಿಂದ ಆದವು. ಎದುರಿಗೆ "ಪರವಾಗಿಲ್ಲ, ಚೆನ್ನಾಗಿದೆ" ಎನ್ನುವುದು, ಕಾಗದದ ಮೇಲೆ ಬೇರೆಯದನ್ನು ಬರೆಯುವುದು. ಇದರ ಇನ್ನೊಂದು ತುದಿಯೂ ನಮಗೆ ಚಿರಪರಿಚಿತ. ವಾರ್ಡಿನಲ್ಲಿ ಹತ್ತು ಜನರ ಮುಂದೆ ಗದರುವುದು, ಅದನ್ನು ಶಿಸ್ತೆಂದು ಕರೆಯುವುದು. ಗುರುವಿನ ಸಿಟ್ಟೇ ಪ್ರಸಾದ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಮೇಲುನೋಟಕ್ಕೆ ವಿರುದ್ಧವೆನಿಸುವ ಈ ಎರಡರ ಫಲವೂ ಒಂದೇ: ಕಲಿಯುವವರು ತಮ್ಮ ತಪ್ಪನ್ನು ಅಡಗಿಸಲು ಕಲಿಯುತ್ತಾರೆ. ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ಕೆಲಸದಲ್ಲಿ ಅಡಗಿಸುವುದು ಬಹಳ ಸುಲಭ.

ಕಠಿಣವಾದ ಪ್ರಶ್ನೆ ಅವಮಾನವಾಗಬೇಕಾಗಿಲ್ಲ ಎಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ನಿದರ್ಶನವಿದೆ. 'ಶೂನ್ಯಸಂಪಾದನೆ'ಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಪ್ರಶ್ನಿಸುವ ಪ್ರಸಂಗವನ್ನು ಓದಿದವರಿಗೆ ಅದು ಗೊತ್ತು. ಎಲ್ಲವನ್ನೂ ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬ ಪ್ರಶ್ನೆಯಲ್ಲಿ ಕರುಣೆಯ ಸುಳಿವೂ ಕಾಣದು. ಆದರೆ ಅದು ಕಣ್ಣೆದುರಿನ ಒಂದು ನಿರ್ದಿಷ್ಟ ಸಂಗತಿಯನ್ನು ಕುರಿತದ್ದು. ಅದಕ್ಕೆ ಉತ್ತರಿಸಲು ಅವಳಿಗೆ ಅವಕಾಶವಿತ್ತು. ಉತ್ತರ ಬಂದಾಗ ಕೇಳಿದವನು ಅದನ್ನು ಮನ್ನಿಸಿದ. 'ನೀನು ದುರ್ಬಲಳು' ಎಂಬ ಹಣೆಪಟ್ಟಿಗೆ ಉತ್ತರವಿಲ್ಲ; 'ಇದನ್ನು ಹೀಗೇಕೆ ಮಾಡಿದೆ' ಎಂಬುದಕ್ಕೆ ಉತ್ತರವಿರುತ್ತದೆ. ಹಾಗೆಂದು ಹೋಲಿಕೆಯನ್ನು ಎಳೆಯಲೂಬಾರದು. ಅಕ್ಕನ ಹೊಟ್ಟೆಪಾಡು ಅಲ್ಲಮನ ಸಹಿಯನ್ನು ಅವಲಂಬಿಸಿರಲಿಲ್ಲ. ಇಂದಿನ ಕಲಿಯುವವರದು ಅವಲಂಬಿಸಿದೆ. ಆದ್ದರಿಂದಲೇ ಇಂದು ಗುರುವಿನ ಸದ್ಗುಣವೊಂದೇ ಸಾಲದು, ಒಂದು ಕ್ರಮವೂ ಬೇಕು.

ಆ ಕ್ರಮದಲ್ಲಿ ಏನೇನಿರಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ. ಮೊದಲನೆಯದಾಗಿ, ತರಬೇತಿಯ ಆರಂಭದಲ್ಲಿಯೇ ಇಬ್ಬರ ನಡುವೆ ಬರವಣಿಗೆಯಲ್ಲಿ ಒಂದು ಒಪ್ಪಂದವಾಗಬೇಕು. ಏನನ್ನು ಕಲಿಯಬೇಕು, ಯಾವಾಗ ಅಳೆಯುತ್ತಾರೆ, ಮೇಲ್ವಿಚಾರಣೆಯ ಗಳಿಗೆಯಲ್ಲಿ ಹೇಳಿಕೊಂಡದ್ದರಲ್ಲಿ ಯಾವುದು ಹೊರಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ಅದರಲ್ಲಿರಬೇಕು. ಎರಡನೆಯದಾಗಿ, ಕಲಿಯುವವರ ನೆನಪನ್ನೇ ನೆಚ್ಚಿಕೊಂಡು ಅವರನ್ನು ಅಳೆಯಬಾರದು. ರೋಗಿಯ ಒಪ್ಪಿಗೆಯಿದ್ದಲ್ಲಿ ಧ್ವನಿಮುದ್ರಣ, ಇಲ್ಲದಿದ್ದಲ್ಲಿ ಆಗೊಮ್ಮೆ ಈಗೊಮ್ಮೆ ಜೊತೆಗೆ ಕುಳಿತು ನೋಡುವುದು ಆಗಬೇಕು. ಮೂರನೆಯದಾಗಿ, ಆತಂಕ ಹುಟ್ಟಿದ ವಾರದೊಳಗೆ ಅದನ್ನು ಉದಾಹರಣೆ ಸಮೇತ ಹೇಳಬೇಕು. ರೋಗಿಯ ಜೀವಕ್ಕೆ ಸಂಬಂಧಿಸಿದ್ದಾದರೆ ಅಂದೇ ಹೇಳಬೇಕು.

ನಾಲ್ಕನೆಯದು ನನ್ನ ಕಚೇರಿಯ ಅನುಭವದಿಂದ ಬಂದದ್ದು. 'ಕೆಲಸ ತೃಪ್ತಿಕರವಾಗಿಲ್ಲ' ಎಂಬ ಒಂದೇ ವಾಕ್ಯದಡಿ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ತಿಳಿವಳಿಕೆ ಸಾಲದಿರಬಹುದು, ಅದಕ್ಕೆ ಓದು ಬೇಕು. ಕೈ ಪಳಗದಿರಬಹುದು, ಅದಕ್ಕೆ ಅಭ್ಯಾಸ ಬೇಕು. ದಿನಕ್ಕೆ ಹಲವರ ನೋವನ್ನು ಕೇಳಿ ಬಳಲಿರಬಹುದು. ಅದಕ್ಕೆ ವಿಶ್ರಾಂತಿಯೂ ಆಸರೆಯೂ ಬೇಕು. ಇನ್ನು ರೋಗಿಯ ಗುಟ್ಟನ್ನು ಹೊರಗೆ ಆಡಿದ್ದರೆ, ಸಂಬಂಧದ ಎಲ್ಲೆಯನ್ನು ಮೀರಿದ್ದರೆ ಅದು ನಡತೆಯ ಪ್ರಶ್ನೆ. ಅದನ್ನು ಮೇಲ್ವಿಚಾರಣೆಯ ಕೋಣೆಯಲ್ಲಿ ಮೆತ್ತಗೆ ಮುಗಿಸಲಾಗದು. ಸಂಸ್ಥೆ ವಿಧಿವತ್ತಾಗಿ ವಿಚಾರಿಸಬೇಕು. ಬಳಲಿದವರಿಗೆ ನೋಟೀಸು ಕೊಡುವುದು, ಎಲ್ಲೆ ಮೀರಿದವರಿಗೆ ಸಾಂತ್ವನ ಹೇಳುವುದು, ಎರಡೂ ರೋಗನಿದಾನದ ತಪ್ಪುಗಳೇ. ಐದನೆಯದಾಗಿ, ತಿದ್ದಿಕೊಳ್ಳಲು ದಿನಾಂಕವಿರುವ ಒಂದು ಯೋಜನೆ ಕೊಡಬೇಕು. ಕೊನೆಯ ತೀರ್ಮಾನದಲ್ಲಿ ಮೇಲ್ವಿಚಾರಕರಲ್ಲದ ಇನ್ನೊಬ್ಬರೂ ಇರಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ಹೊರರೋಗಿ ವಿಭಾಗದ ಸಾಲು ಬಾಗಿಲು ದಾಟಿ ನಿಂತಿರುವಾಗ ಇದಕ್ಕೆಲ್ಲ ಹೊತ್ತೆಲ್ಲಿ ಎನ್ನುತ್ತಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅಷ್ಟು ಜನರಿಗೆ ಸಾಲುವಷ್ಟು ತರಬೇತಾದವರು ಈ ದೇಶದಲ್ಲಿಲ್ಲ ಎಂಬುದು ನಿಜ. ಆದರೆ ಕಡಿಮೆ ಮಂದಿ ಇರುವುದರಿಂದಲೇ ಇರುವ ಒಬ್ಬೊಬ್ಬರನ್ನೂ ಕೆಡಿಸದೆ ಬೆಳೆಸುವುದು ಹೆಚ್ಚು ಮುಖ್ಯವಾಗುತ್ತದೆ. ಮೇಲ್ವಿಚಾರಣೆಯ ಗಂಟೆಗಳನ್ನು ಕೆಲಸದ ಗಂಟೆಗಳೆಂದೇ ಎಣಿಸಬೇಕು. ಊಟದ ಬಿಡುವಿನಲ್ಲಿ ಮುಗಿಸುವ ಉಪಕಾರವೆಂಬಂತೆ ಅದನ್ನು ಕಾಣುವವರೆಗೆ ಪೆನ್ಸಿಲಿನ ಗುರುತುಗಳು ಅಂಚಿನಲ್ಲಿಯೇ ಉಳಿಯುತ್ತವೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದದ್ದು. ಎಲ್ಲವನ್ನೂ ಬರೆದಿಡಲು ಹೊರಟರೆ ವಿದ್ಯೆ ಹೋಗಿ ಕಡತ ಉಳಿಯುತ್ತದೆ ಎಂಬುದು. ಕಡತಗಳ ನಡುವೆ ಬದುಕುವ ನನಗೆ ಈ ಭಯ ಹುಸಿಯೆನಿಸುವುದಿಲ್ಲ. ಆದರೆ ಕೇಡು ಬರವಣಿಗೆಯಿಂದ ಬರುವುದಿಲ್ಲ, ತೋರಿಸದ ಬರವಣಿಗೆಯಿಂದ ಬರುತ್ತದೆ. ಯಾರನ್ನು ಕುರಿತು ಬರೆದಿದೆಯೋ ಅವರ ಕಣ್ಣೆದುರಿಗೆ ಅಂದೇ ಇಟ್ಟ ನಾಲ್ಕು ಸಾಲು ಪಾಠವಾಗುತ್ತದೆ. ಬೀರುವಿನಲ್ಲಿ ಕೂಡಿಟ್ಟ ನಾಲ್ಕು ಸಾಲು ಒಂದು ದಿನ ಆಯುಧವಾಗುತ್ತದೆ.

ಇದರ ಜೊತೆಗೆ ಹೇಳಲೇಬೇಕಾದ ಅಪ್ರಿಯ ಮಾತೊಂದಿದೆ. ಎಲ್ಲ ಅವಕಾಶಗಳನ್ನು ಕೊಟ್ಟ ಮೇಲೂ ಈ ಕೆಲಸ ಒಗ್ಗದವರು ಇರುತ್ತಾರೆ. ಅವರನ್ನು ಮರುಕದಿಂದ ತೇರ್ಗಡೆ ಮಾಡುವುದು ಔದಾರ್ಯವೆನಿಸಬಹುದು, ಆದರೆ ಅದರ ಬೆಲೆಯನ್ನು ಮುಂದೆಂದೋ ಅವರೆದುರು ಕುಳಿತುಕೊಳ್ಳುವ ರೋಗಿ ತೆರುತ್ತಾನೆ. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಪುಸ್ತಕದಲ್ಲಿ ಹೆಸರು ಬಂದ ಮೇಲೆ ಆ ವ್ಯಕ್ತಿಯ ಬಾಗಿಲನ್ನು ತೆರೆದು ನೋಡುವವರಿರುವುದಿಲ್ಲ. 'ಇಲ್ಲ' ಎನ್ನುವ ಧೈರ್ಯ ಮೇಲ್ವಿಚಾರಕರಿಗೆ ಇರಬೇಕು. ಆ 'ಇಲ್ಲ' ಕೊನೆಯ ದಿನದ ಆಘಾತವಾಗದಂತೆ ಮೊದಲಿನಿಂದಲೂ ಮಾತನಾಡುತ್ತಾ ಬಂದಿರಬೇಕು.

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆಯಲ್ಲಿ ಒಂದು ವಿಶೇಷ ಪಾಲಿದೆ. ಅದು ಭಾಷೆಯದು. ಕಲಬುರಗಿ, ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಮುಂಬೈ, ಪುಣೆ, ಹೈದರಾಬಾದುಗಳಿಗೆ ಬರುವವರು, ಕರಾವಳಿಯಿಂದ ಹೋಟೆಲುಗಳಿಗೆ ಬಂದವರು, ಆಸ್ಪತ್ರೆಯ ಕೋಣೆಯಲ್ಲಿ ತಮ್ಮ ಸಂಕಟವನ್ನು ತಮ್ಮ ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಹೇಳುತ್ತಾರೆ, ಕೇಳುವವರು ಸಿಕ್ಕರೆ. ಟಿಪ್ಪಣಿ ಇಂಗ್ಲಿಷಿನಲ್ಲಿರುತ್ತದೆ. ಮೇಲ್ವಿಚಾರಕರು ಇನ್ನೊಂದು ಭಾಷೆಯವರಿರುತ್ತಾರೆ. ಬೇಜಾರು, ತಳಮಳ, ಕಸಿವಿಸಿ, ಹೊಟ್ಟೆಯೊಳಗಿನ ಸಂಕಟ, ತಲೆ ಕೆಟ್ಟಿದೆ, ಸಾಕಾಗಿದೆ: ಇವುಗಳಲ್ಲಿ ಒಂದೊಂದಕ್ಕೂ ಹತ್ತು ಅರ್ಥಗಳಿವೆ, ಆಡುವ ಊರಿಗೆ ತಕ್ಕಂತೆ ಬದಲಾಗುತ್ತವೆ. ಇಂಗ್ಲಿಷ್ ಸಾಹಿತ್ಯವನ್ನು ಓದಿದವನಾಗಿ ಹೇಳುವುದಾದರೆ, ಕವಿತೆಯ ಅನುವಾದದಲ್ಲಿ ಒಂದು ಪದ ಜಾರಿದರೆ ಓದುಗನಿಗೆ ಸೊಗಸು ತಪ್ಪುತ್ತದೆ. ಇಲ್ಲಿ ಜಾರಿದರೆ ಕೇಳಬೇಕಾದ ಪ್ರಶ್ನೆಯೇ ತಪ್ಪುತ್ತದೆ. ಮೌಲ್ಯಮಾಪನದಲ್ಲಿಯೂ ತೊಡಕಾಗುತ್ತದೆ. ಕನ್ನಡದಲ್ಲಿ ಚೆನ್ನಾಗಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬಡವಾಗಿ ಬರೆದವಳು ಚಿಕಿತ್ಸೆಯಲ್ಲಿಯೇ ದುರ್ಬಲಳೆಂದು ಕಾಣುತ್ತಾಳೆ. ಚೆಂದದ ಇಂಗ್ಲಿಷಿನಲ್ಲಿ ಬರೆದವನ ಕಿವುಡು ಕಾಣದೆ ಹೋಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ರೋಗಿ ಆಡಿದ ಮುಖ್ಯ ಮಾತನ್ನು ಅವರದೇ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ, ಇಂಗ್ಲಿಷಿನ ಪಕ್ಕದಲ್ಲಿ ಬರೆಯುವ ರೂಢಿ ಬರಬೇಕು. ಆ ನುಡಿ ಬಲ್ಲ ಇನ್ನೊಬ್ಬ ಮೇಲ್ವಿಚಾರಕರು ಬೇರೆ ಊರಿನಲ್ಲಿದ್ದರೂ ತಿಂಗಳಿಗೊಮ್ಮೆ ವಿಡಿಯೊ ಕರೆಯ ಮೂಲಕ ಜೊತೆಗೂಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ಕರೆ ಮಾಡಿದವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು. ಕೇಳುವವರಿಗೆ ಅಷ್ಟಾದ ಮೇಲೆ, ಅವರನ್ನು ತಿದ್ದುವವರಿಗೂ ಭಾಷೆಯ ನೆರವು ಸಿಗಬಾರದೇಕೆ?

ನಮ್ಮ ಸಂಘಗಳು ಮಾಡಬಹುದಾದ ಒಂದು ಕೆಲಸವನ್ನು ಸೂಚಿಸಿ ಮುಗಿಸುತ್ತೇನೆ. ಹೊರನಾಡಿನ ಪ್ರತಿಯೊಂದು ಕನ್ನಡ ಸಂಘದಲ್ಲಿಯೂ ಬೀದರಿನಿಂದ ಮಂಗಳೂರಿನವರೆಗೆ ಎಲ್ಲ ಕಡೆಯವರಿದ್ದೇವೆ. ಸಂಕಟವನ್ನು ಹೇಳಲು ನಮ್ಮ ನಮ್ಮ ಮನೆಗಳಲ್ಲಿ ಬಳಸುವ ಮಾತುಗಳನ್ನು ಜಿಲ್ಲೆಯ ಹೆಸರಿನೊಂದಿಗೆ, ಯಾವ ಸಂದರ್ಭದಲ್ಲಿ ಯಾವ ಅರ್ಥ ಎಂಬ ವಿವರಣೆಯೊಂದಿಗೆ ಸಂಗ್ರಹಿಸಬಹುದು. ಮನೋವಿಜ್ಞಾನ ಬಲ್ಲವರಿಂದ ಅದನ್ನು ಪರಿಶೀಲಿಸಿ, ನಮ್ಮ ಊರುಗಳ ತರಬೇತಿ ಆಸ್ಪತ್ರೆಗಳಿಗೆ ಒಂದು ಕಿರುಕೋಶವಾಗಿ ಕೊಡಬಹುದು. ನಿಘಂಟಿನ ಕೆಲಸ ಕನ್ನಡಿಗರಿಗೆ ಹೊಸತಲ್ಲ. ನನ್ನ ಸೊಸೆ ತನ್ನ ಪಟ್ಟಿಯನ್ನು ಆಗಲೇ ಶುರುಮಾಡಿದ್ದಾಳೆ. ಮೊದಲ ಪುಟದಲ್ಲಿ ಹನ್ನೊಂದು ಮಾತುಗಳಿವೆ. ಎಲ್ಲವೂ ನಮ್ಮ ಕಡೆಯವು. ಉಳಿದ ಜಿಲ್ಲೆಗಳವರು ತಮ್ಮ ಮಾತುಗಳನ್ನು ಸೇರಿಸಬೇಕು.